‘ಕೃಪೆ: ಅಂತರ್ಜಾಲ’ ಎಂದು ಬರೆದರೆ ಮುಗಿಯಿತೇ? ನಮ್ಮ ಸಂಶೋಧನಾ ಮಾರ್ಗದರ್ಶಕರಿಗೆ ಒಂದು ಬಹಿರಂಗ ಪತ್ರ

ಶಿವಮೊಗ್ಗ ಮತ್ತು ಸುತ್ತಲಿನ ಮಲೆನಾಡಿನ ಕಾಲೇಜುಗಳ ಪ್ರಾಂಶುಪಾಲರಿಗೆ, ಸ್ನಾತಕೋತ್ತರ ವಿಭಾಗಗಳ ಮುಖ್ಯಸ್ಥರಿಗೆ, ಸಂಶೋಧನಾ ಮಾರ್ಗದರ್ಶಕರಿಗೆ,

ಮಾನ್ಯರೇ,

ನಮಸ್ಕಾರ. ನಾನು ದುರ್ಗಿಗುಡಿ ಕಡೆ ಡಿಟಿಪಿ, ಜೆರಾಕ್ಸ್, ಬೈಂಡಿಂಗ್ ಅಂಗಡಿ ಇಟ್ಟುಕೊಂಡಿರುವವನು. ನಿಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟು, ಕಿರುಪ್ರಬಂಧ, ಪಿಎಚ್‌ಡಿ ಮಹಾಪ್ರಬಂಧ ಎಲ್ಲವೂ ನಿಮ್ಮ ಮೇಜಿಗೆ ಬರುವ ಮೊದಲು ನನ್ನ ಮೇಜಿಗೆ ಬರುತ್ತವೆ. ಟೈಪ್ ಮಾಡುವಾಗ, ಪುಟ ಜೋಡಿಸುವಾಗ, ಚಿತ್ರ ಕೂರಿಸುವಾಗ ಬೇಡ ಅಂದರೂ ಓದಿ ಹೋಗುತ್ತದೆ. ಹಾಗೆ ಓದಿ ಓದಿ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಈ ಪತ್ರದಲ್ಲಿ ಹೇಳುತ್ತಿದ್ದೇನೆ. ನಾನು ಸಂಶೋಧಕನಲ್ಲ, ಡಿಗ್ರಿ ಮುಗಿಸಿ ಅಂಗಡಿ ಹಾಕಿದವನು. ಆದರೆ ಇಲ್ಲಿ ಬರೆದಿರುವುದು ಕಣ್ಣಾರೆ ಕಂಡದ್ದು.

ಮೊದಲು ಒಂದು ಪ್ರಸಂಗ. ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟ್ರು ಒಬ್ಬರಿದ್ದಾರೆ. ಸುತ್ತಲಿನ ಊರುಗಳ ವೀರಗಲ್ಲು, ಮಾಸ್ತಿಕಲ್ಲು, ಕೆರೆ, ತೂಬು ಇವುಗಳ ಹಿಂದೆ ಅಲೆದವರು. ಯಾವ ಗದ್ದೆಗೆ ಏನು ಹೆಸರು, ಯಾವ ಕಲ್ಲು ಮೊದಲು ಎಲ್ಲಿತ್ತು, ಯಾರ ಕಾಲದಲ್ಲಿ ಕಿತ್ತು ಪಕ್ಕಕ್ಕೆ ಇಟ್ಟರು ಅಂತ ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರು. ಊರ ದೇವಸ್ಥಾನದ ಪುನರ್ ಪ್ರತಿಷ್ಠೆ ಆದಾಗ ಸ್ಮರಣ ಸಂಚಿಕೆಗೆ ಅದರಿಂದಲೇ ಒಂದು ಲೇಖನ ಕೊಟ್ಟರು. ಆ ಸಂಚಿಕೆಯ ಡಿಟಿಪಿ ಮಾಡಿದ್ದು ನಾನು. ಲೇಖನದಲ್ಲಿ ಮೇಷ್ಟ್ರು ಪ್ರತಿ ಮಾತಿಗೂ ಯಾರು ಹೇಳಿದ್ದು ಎಂದು ಹೆಸರು ಹಾಕಿದ್ದರು. ಇಂಥ ಮನೆಯ ಅಜ್ಜಿ ಹೇಳಿದ್ದು, ಇಂಥವರ ಅಪ್ಪನ ಹಳೇ ಕಡತದಲ್ಲಿ ಸಿಕ್ಕಿದ್ದು, ಹೀಗೆ. ಕೊನೇ ಗಳಿಗೆಯಲ್ಲಿ ಅಡಿಕೆ ಮಂಡಿಯೊಂದರ ಜಾಹೀರಾತು ಬಂತು, ಕಮಿಟಿಯವರು ಜಾಗ ಬೇಕು ಅಂತ ಲೇಖನದ ಒಂದು ತುಂಡು ಕತ್ತರಿಸಿದರು. ಒಂದು ಪ್ಯಾರಾ ‘ಕೆರೆ ಏರಿಯ ಮೇಲಿನ ಮೂರನೇ ಕಲ್ಲಿನ ಬಗ್ಗೆ ಊರಿನ ಹಿರಿಯರು ಹೇಳುವುದೇನೆಂದರೆ’ ಎನ್ನುವಲ್ಲಿಗೇ ನಿಂತುಹೋಯಿತು. ಹಿರಿಯರು ಏನು ಹೇಳಿದರು ಅಂತ ಓದುಗರಿಗೆ ಗೊತ್ತಾಗಲೇ ಇಲ್ಲ.

ಆಮೇಲೊಂದು ಸಲ ಕಿರುಪ್ರಬಂಧವೊಂದು ಬೈಂಡಿಂಗ್‌ಗೆ ಬಂತು. ಅದರ ಒಂದು ಅಧ್ಯಾಯ ಪೂರ್ತಿ ಮೇಷ್ಟ್ರ ಲೇಖನ. ಸಾಲಿಗೆ ಸಾಲು ಅದೇ. ‘ಹಿರಿಯರು ಹೇಳುವುದೇನೆಂದರೆ’ ಎಂಬಲ್ಲಿಗೆ ಒಂದು ಪೂರ್ಣವಿರಾಮ, ಮುಂದೆ ಹೊಸ ಪ್ಯಾರಾ! ಬರೆದವನು ಓದಿಲ್ಲ, ತಿದ್ದಿದವರೂ ಓದಿಲ್ಲ. ಮೇಷ್ಟ್ರ ಹೆಸರು ಎಲ್ಲೂ ಇರಲಿಲ್ಲ. ಮೇಷ್ಟ್ರು ಹೆಸರು ಹಾಕಿ ನೆನೆದಿದ್ದ ಅಜ್ಜಿಯೂ ಇಲ್ಲ, ಆ ಹಳೇ ಕಡತದ ಮನೆಯವರೂ ಇಲ್ಲ. ಎಲ್ಲವೂ ‘ಸಂಶೋಧಕನ ಕ್ಷೇತ್ರಕಾರ್ಯದಿಂದ ತಿಳಿದುಬಂದಿದೆ’ ಎಂದಾಗಿತ್ತು.

ಹುಡುಗನನ್ನು ಕೇಳಿದೆ. ಗಾಬರಿಯನ್ನೂ ಪಡದೆ, ‘ಸಾರ್, ಅದು ನೆಟ್‌ನಲ್ಲಿ ಎಲ್ಲೂ ಇಲ್ಲ, ಚೆಕ್ ಮಾಡಿದರೆ ಬರಲ್ಲ’ ಎಂದ. ಸುಳ್ಳಲ್ಲ, ಬೇರೆ ಬರಹಗಳ ಜೊತೆ ಹೋಲಿಸಿ ನಕಲು ಹುಡುಕುವ ಸಾಫ್ಟ್‌ವೇರ್‌ನ ತಪಾಸಣೆ ವರದಿ ಜೊತೆಗೇ ಇತ್ತು, ಹೋಲಿಕೆ ನೂರಕ್ಕೆ ಆರು. ಮೇಷ್ಟ್ರಿಗೆ ತಿಳಿಸಿದೆ. ಅವರು ಸ್ಮರಣ ಸಂಚಿಕೆಯ ಪುಟಗಳ ಜೆರಾಕ್ಸ್ ಲಗತ್ತಿಸಿ ಸಂಬಂಧಪಟ್ಟ ಕಾಲೇಜಿಗೆ ಮರ್ಯಾದೆಯಾಗಿ ಪತ್ರ ಬರೆದರು. ‘ಸಾಫ್ಟ್‌ವೇರ್ ವರದಿ ನಿಗದಿತ ಮಿತಿಯೊಳಗಿದೆ, ಆದ್ದರಿಂದ ಕ್ರಮದ ಅಗತ್ಯ ಕಂಡುಬಂದಿಲ್ಲ’ ಎಂಬ ಉತ್ತರ ಬಂತು. ಕಾಲೇಜಿನ ಹೆಸರು ನಾನು ಹೇಳುವುದಿಲ್ಲ. ಒಂದು ಕಾಲೇಜಿನ ಮಾತಾಗಿದ್ದರೆ ಬಹಿರಂಗ ಪತ್ರ ಯಾಕೆ ಬೇಕಿತ್ತು?

ಈ ‘ಮಿತಿಯೊಳಗಿದೆ’ ಎನ್ನುವ ಉತ್ತರದ ಬಗ್ಗೆಯೇ ನನ್ನ ತಕರಾರು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ಕೃತಿಚೌರ್ಯ ತಡೆಗೆ ನಿಯಮ ತಂದಿತು. ಶೇ. 10ರವರೆಗಿನ ಹೋಲಿಕೆಗೆ ದಂಡ ಇಲ್ಲ. 10ರಿಂದ 40ರವರೆಗೆ ಇದ್ದರೆ 6 ತಿಂಗಳ ಒಳಗೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. ಅದಕ್ಕೂ ಜಾಸ್ತಿಯಾದರೆ ನೋಂದಣಿಯೇ ರದ್ದು. ಇದಿಷ್ಟು ನಮ್ಮ ಅಂಗಡಿಗೆ ಬರುವ ಎಲ್ಲ ಹುಡುಗರಿಗೂ ಬಾಯಿಪಾಠ. ಅದೇ ನಿಯಮದ ಉಳಿದ ಭಾಗ ಯಾರಿಗೂ ಗೊತ್ತಿಲ್ಲ. ಮೂಲ ಹೇಳಿ ಉದ್ಧರಿಸಿದ ಭಾಗವನ್ನು ಹೋಲಿಕೆಯ ಲೆಕ್ಕದಿಂದ ಬಿಡಬೇಕು ಎಂದು ಅದರಲ್ಲೇ ಇದೆ. ಗ್ರಂಥಸೂಚಿ, ಮುನ್ನುಡಿ, ಕೃತಜ್ಞತೆಗಳೂ ಲೆಕ್ಕಕ್ಕಿಲ್ಲ. ಅಂದರೆ ಉದ್ಧರಣ ಚಿಹ್ನೆ ಹಾಕಿ ಹೆಸರು ಹೇಳಿದವನಿಗೆ ನಷ್ಟವೇನೂ ಇಲ್ಲ. ಆದರೆ ನಮ್ಮಲ್ಲಿ ನಡೆಯುವುದು ಉಲ್ಟಾ. ಚಿಹ್ನೆ ಹಾಕಿದರೆ ಪರ್ಸೆಂಟೇಜ್ ಏರುತ್ತದೆ ಅಂತ ಹೆದರಿ ಮಕ್ಕಳು ಚಿಹ್ನೆ ತೆಗೆಸುತ್ತಾರೆ, ಅಡಿಟಿಪ್ಪಣಿ ತೆಗೆಸುತ್ತಾರೆ, ಆಮೇಲೆ ಪದಗಳನ್ನು ತಿರುಚುತ್ತಾರೆ. ಕನ್ನಡವನ್ನು ಇಂಗ್ಲಿಷಿಗೆ, ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ಫೋನಿನಲ್ಲೇ ತಿರುಗಿಸಿಕೊಂಡು ಬರುವವರೂ ಇದ್ದಾರೆ. ‘ವೀರಗಲ್ಲು’ ಹೋಗಿ ‘ಧೈರ್ಯದ ಕಲ್ಲು’ ಆಗಿದ್ದನ್ನು ನಾನೇ ಟೈಪ್ ಮಾಡಿದ್ದೇನೆ. ಇತಿಹಾಸ ವಿಭಾಗದ ಪ್ರಬಂಧ ಸ್ವಾಮಿ ಅದು.

ಇನ್ನೊಂದು ವಿಷಯ ನಮ್ಮ ಕಸುಬಿನವರಿಗೆಲ್ಲ ಗೊತ್ತು, ನಿಮಗೆ ಗೊತ್ತೋ ಇಲ್ಲವೋ. ಕನ್ನಡದ ಎಷ್ಟೋ ಪ್ರಬಂಧಗಳು ಇವತ್ತಿಗೂ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫಾಂಟ್‌ಗಳಲ್ಲಿ ಟೈಪ್ ಆಗುತ್ತವೆ. ನಮ್ಮ ಕಣ್ಣಿಗೆ ಅದು ಕನ್ನಡ. ಆದರೆ ಕಂಪ್ಯೂಟರಿಗೆ ಒಳಗೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿತ್ರವಿಚಿತ್ರ ಚಿಹ್ನೆಗಳ ರಾಶಿ. ಬೇಕಾದರೆ ಅಂಥ ಕಡತದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಅಂಟಿಸಿ ನೋಡಿ, ಏನು ಬರುತ್ತದೆ ಅಂತ. ಆ ರಾಶಿಯನ್ನು ಯೂನಿಕೋಡ್ ಕನ್ನಡದ ಜೊತೆ ಹೋಲಿಸಿದರೆ ಹೊಂದಾಣಿಕೆ ಎಲ್ಲಿಂದ ಬರಬೇಕು? ಹೋಲಿಕೆ ಕಡಿಮೆ ಬಂದ ಕಾರಣಕ್ಕೇ ಅದು ಸ್ವಂತ ಬರವಣಿಗೆ ಎಂದು ಒಪ್ಪುವವರು, ದಯವಿಟ್ಟು ಮೊದಲು ಫಾಂಟ್ ಯಾವುದು ಅಂತ ಕೇಳಿ. ‘ಪರ್ಸೆಂಟೇಜ್ ಇಳಿಸಿಕೊಡಿ ಅಣ್ಣಾ, ಪುಟಕ್ಕೆ ಇಷ್ಟು ಕೊಡ್ತೀವಿ’ ಎಂದು ಕೇಳಿಕೊಂಡು ಬರುತ್ತಾರೆ. ನಾನು ಆ ಕೆಲಸ ಮಾಡುವುದಿಲ್ಲ. ಮಾಡಿಕೊಡುವ ಅಂಗಡಿ ಸಿಗುವುದು ಕಷ್ಟವೇನಲ್ಲ.

ತಂತ್ರಾಂಶವನ್ನು ಬೈಯುತ್ತಿಲ್ಲ. ತನ್ನ ಹತ್ತಿರ ಇರುವ ಬರಹದ ಜೊತೆ ಎದುರಿಗೆ ಬಂದ ಬರಹವನ್ನು ಅದು ಹೋಲಿಸಿ ಕೊಡುತ್ತದೆ. ಅಷ್ಟೇ ಅದರ ಕೆಲಸ. ನಮ್ಮ ಭಾಗದ ಸಂಶೋಧನೆಗೆ ಬೇಕಾದ ಸರಕು ಮಾತ್ರ ಅದರ ಹತ್ತಿರ ಇಲ್ಲ. ಅದು ದೇವಸ್ಥಾನದ ಸ್ಮರಣ ಸಂಚಿಕೆಯಲ್ಲಿದೆ, ಸಹಕಾರ ಸಂಘದ ಸುವರ್ಣ ಮಹೋತ್ಸವದ ಪುಸ್ತಕದಲ್ಲಿದೆ, ತೋಟದವರು ಮಳೆ ಲೆಕ್ಕ ಬರೆದಿಟ್ಟ ಡೈರಿಯಲ್ಲಿದೆ, ಸೋಬಾನೆ ಹೇಳುವ ಅಜ್ಜಿಯ ಬಾಯಲ್ಲಿದೆ, ನಾಟಿ ಔಷಧಿ ಕೊಡುವವರ ನೆನಪಿನಲ್ಲಿದೆ. ಇವರಿಂದ ತೆಗೆದುಕೊಂಡು ಹೆಸರು ಬಿಟ್ಟರೆ ಯಾವ ಯಂತ್ರವೂ ಹಿಡಿಯುವುದಿಲ್ಲ. ಹಿಡಿಯಬೇಕಾದವರು ನೀವು. ನಿಮ್ಮ ಸಹಿ ಇರುವ ಪ್ರಮಾಣಪತ್ರವನ್ನು ಎರಡನೇ ಪುಟದಲ್ಲಿ ಕೂರಿಸುವವನು ನಾನು, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಹಸೆ ಚಿತ್ತಾರದ ವಿಷಯ ನೋಡಿ. ಸೊರಬ, ಸಾಗರ ಕಡೆ ದೀವರ ಮನೆಯ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚದಲ್ಲಿ ಬರೆಯುವ ಚಿತ್ತಾರ. ಈ ಬಗ್ಗೆ ಪ್ರಾಜೆಕ್ಟ್ ಬರುತ್ತಲೇ ಇರುತ್ತವೆ. ಬಣ್ಣದ ಪ್ರಿಂಟ್ ಬೇಕು ಅಂತ ಕೇಳುತ್ತಾರೆ, ಚೆನ್ನಾಗಿಯೂ ಬರುತ್ತದೆ. ಚಿತ್ರದ ಕೆಳಗೆ ಮಾತ್ರ ‘ಕೃಪೆ: ಅಂತರ್ಜಾಲ’. ಇಲ್ಲವೇ ‘ಕೃಪೆ: ಗೂಗಲ್’. ಗೂಗಲ್ ಯಾವತ್ತು ಕುಂಚ ಹಿಡಿಯಿತು? ಆ ಚಿತ್ತಾರ ಬರೆದ ಕೈಗೆ ಒಂದು ಹೆಸರಿದೆ. ಫೋಟೋ ತೆಗೆದವರಿಗೆ ಇನ್ನೊಂದು ಹೆಸರಿದೆ. ಕಾನೂನಿನ ಪ್ರಕಾರವೂ ಇವು ಎರಡು ಬೇರೆ ಬೇರೆ ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಿತ್ರಕ್ಕೂ ಹಕ್ಕಿದೆ, ಛಾಯಾಚಿತ್ರಕ್ಕೂ ಇದೆ. ಅದಕ್ಕೆ ನೋಂದಣಿಯೇನೂ ಕಡ್ಡಾಯವಲ್ಲ, ಕೃತಿ ಹುಟ್ಟಿದಾಗಲೇ ಹಕ್ಕೂ ಹುಟ್ಟುತ್ತದೆ. ಹಾಗೆಯೇ ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಬಂದು ಹಾಡುವ ಪದಗಳು. ಪದ ಕಟ್ಟಿದವರು ಯಾರೋ, ಯಾವ ಕಾಲವೋ. ಆದರೆ ನಿಮ್ಮ ವಿದ್ಯಾರ್ಥಿಯ ಫೋನಿನೆದುರು ಹಾಡಿದ ವ್ಯಕ್ತಿಗೆ ಆ ಹಾಡುಗಾರಿಕೆಯ ಮೇಲೆ 50 ವರ್ಷ ಹಕ್ಕಿದೆ. ಹಾಡಿದ್ದು ತಾನು ಎಂದು ಗುರುತಿಸಿಕೊಳ್ಳುವ ಹಕ್ಕನ್ನು 2012ರ ತಿದ್ದುಪಡಿ ಕೊಟ್ಟಿದೆ. ಸಂಶೋಧನೆಗೆಂದು ಧ್ವನಿಮುದ್ರಣ ಮಾಡಿಕೊಳ್ಳಲು ಕಾನೂನು ಬಿಡುತ್ತದೆ. ಅದನ್ನೇ ಒಂದು ಮಾತೂ ಕೇಳದೆ ಯೂಟ್ಯೂಬಿಗೆ ಹಾಕಿ ತನ್ನ ಚಾನೆಲ್ ಬೆಳೆಸುವುದಕ್ಕಲ್ಲ.

ಕೃತಿಸ್ವಾಮ್ಯ ಅಂದರೆ ಮಕ್ಕಳಿಗೆ ಎರಡು ಥರದ ತಪ್ಪು ಕಲ್ಪನೆ ಇದೆ. ಕೆಲವರಿಗೆ ಎಲ್ಲಕ್ಕೂ ಭಯ, ಒಂದು ಸಾಲು ಉದ್ಧರಿಸಿದರೂ ಕೇಸು ಬೀಳುತ್ತದೆ ಅಂತ. ಹಾಗೇನಿಲ್ಲ. ಸಂಶೋಧನೆಗೆ, ವಿಮರ್ಶೆಗೆ ನ್ಯಾಯವಾಗಿ ಬಳಸಿಕೊಳ್ಳಲು ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯೊಂದರ ಮೇಲೆ ದೊಡ್ಡ ಪ್ರಕಾಶಕರು ಮೊಕದ್ದಮೆ ಹೂಡಿದ್ದು ನೆನಪಿರಬಹುದು. 2016ರಲ್ಲಿ ದೆಹಲಿ ಹೈಕೋರ್ಟ್, ಪಾಠಕ್ಕೆ ಬೇಕಾದ ಪುಟಗಳನ್ನು ಜೆರಾಕ್ಸ್ ಮಾಡಿ ಕೊಡುವುದು ಉಲ್ಲಂಘನೆಯಲ್ಲ ಎಂದಿತು. ನಮ್ಮಂಥ ಅಂಗಡಿಯವರು ಆ ತೀರ್ಪನ್ನು ಆಸಕ್ತಿಯಿಂದಲೇ ಓದಿದ್ದೇವೆ, ಬಿಡಿ. ಓದುವ ಮಕ್ಕಳ ಕಡೆ ಕಾನೂನು ಧಾರಾಳವಾಗಿಯೇ ಇದೆ.

ಇನ್ನು ಕೆಲವರದು, ಹಳೇದೆಲ್ಲ ಯಾರಪ್ಪನ ಆಸ್ತಿಯೂ ಅಲ್ಲ ಎನ್ನುವ ಧೋರಣೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ನಮ್ಮ ಕುಪ್ಪಳಿಯ ಕುವೆಂಪು ಅವರು ಹೋದದ್ದು 1994ರಲ್ಲಿ, ಹಾಗಾಗಿ 2054ರ ಕೊನೆಯವರೆಗೂ ಅವರ ಕೃತಿಗಳಿಗೆ ಹಕ್ಕಿದೆ. ನಾಲ್ಕು ಸಾಲು ಉದ್ಧರಿಸಿ ಚರ್ಚೆ ಮಾಡಿ, ಯಾರೂ ಕೇಳುವುದಿಲ್ಲ. ಅನುಬಂಧ ಅಂತ ಇಡೀ ಸಂಕಲನವನ್ನೇ ಸ್ಕ್ಯಾನ್ ಮಾಡಿ ಹಾಕುವುದು ಬೇರೆ ಮಾತು.

ಹಕ್ಕಿನ ಅವಧಿ ಮುಗಿದರೆ ಹೆಸರು ಹೇಳುವುದು ಬೇಡವೇ? ಅಲ್ಲೇ ನಮ್ಮವರು ಜಾಸ್ತಿ ಎಡವುವುದು. ಹಳೇ ಮೈಸೂರು ಸೀಮೆಯ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ತೀರಿಕೊಂಡು ಸುಮಾರು ನೂರು ವರ್ಷವಾಗುತ್ತಾ ಬಂತು. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳನ್ನು ಯಾರು ಬೇಕಾದರೂ ಮುದ್ರಿಸಬಹುದು. ಆದರೆ ಆ ಶಾಸನ ಓದಿ ಅಚ್ಚು ಹಾಕಿದ್ದು ನಾನೇ ಎನ್ನುವ ಹಾಗೆ ಬರೆಯಲು ಯಾವ ವಿದ್ಯಾರ್ಥಿಗೂ ಹಕ್ಕು ಬರುವುದಿಲ್ಲ. ಗ್ರಂಥಸೂಚಿಯಲ್ಲಿ ಸುಮ್ನೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಅಂತ ಬರೆದು ಬಿಡುತ್ತಾರೆ. ಯಾವ ಸಂಪುಟ? ಶಿವಮೊಗ್ಗ ಜಿಲ್ಲೆಯದು 7 ಮತ್ತು 8ನೇ ಸಂಪುಟ, 1902 ಮತ್ತು 1904ರಲ್ಲಿ ಬಂದವು. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನ ಜೊತೆ ಒಂದು ನಂಬರ್ ಇದೆ. ತಾಳಗುಂದದ ಕಂಬದ ಶಾಸನವಾದರೆ ಶಿಕಾರಿಪುರ 176. ಇಷ್ಟು ಬರೆದರೆ ಮುಂದೆ ಓದುವವರು ನೇರವಾಗಿ ಆ ಪುಟಕ್ಕೇ ಹೋಗಬಹುದು. ಸಂಪುಟವನ್ನು ಕಣ್ಣಿನಲ್ಲಿ ನೋಡಿಯೇ ಇಲ್ಲದವರು ನಂಬರ್ ಹೇಗೆ ಬರೆದಾರು? ಹಿಂದಿನ ವರ್ಷದ ಪ್ರಬಂಧದ ಗ್ರಂಥಸೂಚಿಯನ್ನು ಪೆನ್‌ಡ್ರೈವ್‌ನಲ್ಲಿ ತಂದು, ‘ಇದನ್ನೇ ಕೊನೆಗೆ ಸೇರಿಸಿ’ ಎನ್ನುತ್ತಾರೆ. ಈಚೆಗಂತೂ ಚಾಟ್‌ಜಿಪಿಟಿ ಕೊಟ್ಟ ಪುಸ್ತಕದ ಪಟ್ಟಿ ಬರುತ್ತಿದೆ. ಅದರಲ್ಲಿ ಕೆಲವು ಪುಸ್ತಕ ಯಾವ ಪ್ರಕಾಶಕರೂ ಯಾವತ್ತೂ ತಂದಿಲ್ಲದ್ದು.

ತಾಳಗುಂದ ಅಂದೆ ಅಲ್ವಾ. 5ನೇ ಶತಮಾನದ ಆ ಶಾಸನ ಕದಂಬ ಅರಸರನ್ನು ಹೊಗಳುವ ಕಾವ್ಯ. ಆದರೂ ಅದನ್ನು ರಚಿಸಿದ ಕವಿ ಕುಬ್ಜ ಎಂದು ಕಲ್ಲೇ ಹೇಳುತ್ತದೆ. ಪಕ್ಕದ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿಗೆ ಹೋಗಿ ಶಿಲ್ಪ ಕಡೆದರು, ಕೆಳಗೆ ತಮ್ಮ ಹೆಸರನ್ನೂ ಕೆತ್ತಿದರು. ಅರಸರ ಕಾಲದಲ್ಲಿ ಅರಸರ ಕಲ್ಲಿನ ಮೇಲೆ ಕೆಲಸಗಾರನ ಹೆಸರಿಗೆ ಜಾಗ ಇತ್ತು. ಈಗ ಎ4 ಹಾಳೆಯಲ್ಲಿ ಅಡಿಟಿಪ್ಪಣಿಗೆ ಒಂದಿಂಚು ಜಾಗ ಇಲ್ಲವೆಂದರೆ ಹೇಗೆ?

ಮಕ್ಕಳ ಮೇಲೇ ಎಲ್ಲ ಹೊರೆ ಹಾಕುವುದು ನ್ಯಾಯವಲ್ಲ ಎಂದೂ ಹೇಳಬೇಕು. ಹೊಸನಗರದಿಂದ, ತೀರ್ಥಹಳ್ಳಿಯಿಂದ ಬೆಳಿಗ್ಗೆ ಬಸ್ ಹಿಡಿದು ಬರುವ ಹುಡುಗಿಯರನ್ನು ನೋಡುತ್ತೇನೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವರು. ಅಡಿಟಿಪ್ಪಣಿ ಅಂದರೇನು ಅಂತ ಬೈಂಡಿಂಗ್ ಅಂಗಡಿಯವನನ್ನು ಕೇಳುತ್ತಾರೆ. ನಾಲ್ಕನೇ ಸೆಮಿಸ್ಟರ್ ಮುಗಿಯಲು ಒಂದು ವಾರ ಇರುವಾಗ! ಹೇಳಿಕೊಟ್ಟರೆ ತಕ್ಷಣ ಕಲಿಯುತ್ತಾರೆ. ಒಬ್ಬ ಹುಡುಗಿ ತನಗೆ ಮಾಹಿತಿ ಕೊಟ್ಟ ಎಲ್ಲರ ಹೆಸರು, ಊರು, ಮಾತಾಡಿದ ದಿನಾಂಕ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದಳು. ‘ಇದನ್ನೂ ಹಾಕಬಹುದಾ ಅಣ್ಣಾ?’ ಎಂದಳು. ಹಾಕಬಹುದು, ಹಾಕಲೇಬೇಕು ಎಂದು ಅವಳಿಗೆ ಹೇಳುವ ಕೆಲಸ ನನ್ನದಾಗಿರಲಿಲ್ಲ.

ಪ್ರತಿ ಸೆಮಿಸ್ಟರ್‌ನಲ್ಲೂ ಈ ಬಗ್ಗೆ ಅರಿವಿನ ಕಾರ್ಯಕ್ರಮ ನಡೆಸಬೇಕು ಎಂದು ಅದೇ 2018ರ ನಿಯಮ ಹೇಳುತ್ತದೆ. ಅದನ್ನು ನಡೆಸಿ, ವಿಷಯ ಆಯ್ಕೆ ಮಾಡುವ ಮೊದಲೇ ನಡೆಸಿ, ಕನ್ನಡದಲ್ಲಿ ನಡೆಸಿ. ಬೆಂಗಳೂರಿನಿಂದ ಯಾರನ್ನೋ ಕರೆಸಿ ಇಂಗ್ಲಿಷ್ ಸ್ಲೈಡ್ ತೋರಿಸಿ ಊಟ ಹಾಕಿ ಕಳಿಸಿದರೆ ಆಗುವುದಿಲ್ಲ. ನಮ್ಮ ಭಾಗದ ಮೂಲಗಳನ್ನು ಹೇಗೆ ಬರೆಯಬೇಕು ಎಂದು ಎರಡು ಪುಟದ ಮಾದರಿ ಮಾಡಿ ಕೊಡಿ. ಸ್ಮರಣ ಸಂಚಿಕೆಯಾದರೆ ಲೇಖಕರು, ಲೇಖನ, ಊರು, ವರ್ಷ, ಪುಟ. ಸಂದರ್ಶನವಾದರೆ ಹೇಳಿದವರು, ಊರು, ದಿನಾಂಕ, ಒಪ್ಪಿಗೆ ಪಡೆದಿದೆಯೋ ಇಲ್ಲವೋ. ಕೆಲವರು ಹೆಸರು ಹಾಕಬೇಡಿ ಎನ್ನುತ್ತಾರೆ, ನಾಟಿ ವೈದ್ಯರು ಗಿಡದ ಗುರುತು ಬರೆಯಬೇಡಿ ಎನ್ನುತ್ತಾರೆ. ಅದನ್ನೂ ಗೌರವಿಸಲು ಕಲಿಸಿ. ಚಿತ್ರವಾದರೆ ಬರೆದವರು ಯಾರು, ಫೋಟೋ ಯಾರದು. ‘ಕೃಪೆ: ಅಂತರ್ಜಾಲ’ ಎಂದಿರುವ ಪುಟ ಕಂಡರೆ ವಾಪಸ್ ಕಳಿಸಿ. ಒಂದೇ ವರ್ಷ ಹಾಗೆ ಮಾಡಿ ನೋಡಿ, ಆ ಸಾಲು ತಾನಾಗಿ ನಿಲ್ಲುತ್ತದೆ.

ಮೌಖಿಕ ಪರೀಕ್ಷೆಯಲ್ಲಿ ಗ್ರಂಥಸೂಚಿಯಿಂದ ಒಂದೆರಡು ಪುಸ್ತಕ ಆರಿಸಿ ಎಲ್ಲಿ ನೋಡಿದಿರಿ, ಯಾವ ಗ್ರಂಥಾಲಯ, ಅದರಲ್ಲಿ ಏನಿದೆ ಎಂದು ಕೇಳಿ. ಐದು ನಿಮಿಷದ ಕೆಲಸ. ಕನ್ನಡ ಪ್ರಬಂಧವನ್ನು ಯೂನಿಕೋಡ್‌ನಲ್ಲೇ ಕೊಡಬೇಕು ಎಂದು ಕಡ್ಡಾಯ ಮಾಡಿ. ಪರಿವರ್ತಕ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಆಮೇಲೆ ಅಲ್ಲಲ್ಲಿ ಒತ್ತಕ್ಷರ ತಿದ್ದಿಕೊಳ್ಳಬೇಕು, ಅಷ್ಟೇ. ಮಾಹಿತಿ ಕೊಟ್ಟವರಿಗೆ ಸಾಧ್ಯವಾದರೆ ಅವರ ಭಾಗದ ಪುಟಗಳ ಒಂದು ಪ್ರತಿ ಕಳಿಸುವ ಪದ್ಧತಿ ಇಡಿ. ಜೆರಾಕ್ಸ್ ಖರ್ಚು ಎಷ್ಟಾದೀತು, ನನಗೆ ಗೊತ್ತಿಲ್ಲವೇ.

ಕೊನೆಯದಾಗಿ ದೂರಿನ ವಿಷಯ. ಶೈಕ್ಷಣಿಕ ಸಮುದಾಯದ ಯಾವ ಸದಸ್ಯರಾದರೂ ಆಧಾರ ಸಮೇತ ದೂರು ಕೊಟ್ಟರೆ ವಿಭಾಗದ ಸಮಿತಿ ಅದನ್ನು ವಿಚಾರಿಸಿ 45 ದಿನದಲ್ಲಿ ವರದಿ ಕೊಡಬೇಕು ಎಂದು ನಿಯಮದಲ್ಲಿದೆ. ಹೊರಗಿನವರು, ಅಂದರೆ ಮೇಷ್ಟ್ರಂಥವರು, ಎಲ್ಲಿಗೆ ಹೋಗಬೇಕು? ಕೃತಿಚೌರ್ಯ ಕಣ್ಣಿಗೆ ಬಿದ್ದಾಗ ಸಂಸ್ಥೆಯೇ ತಾನಾಗಿ ವಿಚಾರಣೆ ನಡೆಸಲೂ ಅದೇ ನಿಯಮದಲ್ಲಿ ದಾರಿ ಇದೆ. ಹಾಗಾಗಿ ಹೊರಗಿನವರ ಪತ್ರ ಬಂದಾಗ ಪರ್ಸೆಂಟೇಜ್ ತೋರಿಸಿ ಕೈ ತೊಳೆದುಕೊಳ್ಳಬೇಡಿ. ಲಗತ್ತಿಸಿದ ಪುಟವನ್ನೂ ಪ್ರಬಂಧದ ಪುಟವನ್ನೂ ಪಕ್ಕಪಕ್ಕ ಇಟ್ಟು ಓದಿ. ಅವರದೇ ಎಂದು ಕಂಡರೆ ಗ್ರಂಥಾಲಯದ ಪ್ರತಿಯಲ್ಲಿ ಒಂದು ತಿದ್ದುಪಡಿ ಚೀಟಿ ಅಂಟಿಸಿ, ಮೂಲ ಇಂಥವರದು ಅಂತ. ಮೇಷ್ಟ್ರು ಹುಡುಗನ ಪದವಿ ಕಿತ್ತುಕೊಳ್ಳಿ ಎಂದು ಕೇಳಿರಲಿಲ್ಲ. ಅವರು ಕೇಳಿದ್ದು ಆ ಚೀಟಿಯನ್ನು, ಅದರಲ್ಲಿ ಅಜ್ಜಿಯ ಹೆಸರೂ ಇರಲಿ ಎಂದು.

ಈ ಸಲದ ಪ್ರಾಜೆಕ್ಟ್ ಸಲ್ಲಿಕೆಗೆ ಇನ್ನೂ ಸಮಯ ಇದೆ. ಸುತ್ತೋಲೆ ಹೊರಡಿಸುವುದಾದರೆ ಈಗಲೇ ಹೊರಡಿಸಿ. ಒಂದು ಪ್ರತಿಯನ್ನು ಊರಿನ ಡಿಟಿಪಿ, ಬೈಂಡಿಂಗ್ ಅಂಗಡಿಗಳಿಗೂ ಕಳಿಸಿ. ಕೌಂಟರಿನ ಎದುರಿಗೇ ಅಂಟಿಸುತ್ತೇವೆ. ಮಕ್ಕಳು ನಿಮ್ಮ ನೋಟಿಸ್ ಬೋರ್ಡಿಗಿಂತ ಅದನ್ನೇ ಜಾಸ್ತಿ ಓದುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ದುರ್ಗಿಗುಡಿಯ ಒಬ್ಬ ಡಿಟಿಪಿ ಅಂಗಡಿಯವ
ಶಿವಮೊಗ್ಗ